ಯಾವ ಕಾಲು

ಆ ಚಿತ್ರದ ಬಗ್ಗೆ ಮಾತಾಡಿ ಮಾತಾಡಿ ನನ್ನ ನಾಲಿಗೆ ಸವೆದಿದೆ. ಹತ್ತು ವರ್ಷ ತುಂಬಿದಾಗ ಒಬ್ಬರು ಬಂದರು, ಇಪ್ಪತ್ತೈದಕ್ಕೆ ಇನ್ನೊಬ್ಬರು, ಈಗ ಐವತ್ತಾಯಿತೆಂದು ಸಾಕ್ಷ್ಯಚಿತ್ರದ ಈ ಹುಡುಗಿ. ಎಲ್ಲರಿಗೂ ಬೇಕಾದದ್ದು ಅದೇ ನಾಲ್ಕು ಕಥೆ. ಸೆಟ್ಟಿನ ಸೇತುವೆ ಕುಸಿದದ್ದು, ನಾಯಕನಟ ಹೆಲ್ಮೆಟ್ಟಿನಲ್ಲಿ ಮುಖ ತೊಳೆದದ್ದು, ನಿರ್ದೇಶಕರು ಟ್ಯಾಂಕಿನೊಳಗೆ ನಿದ್ದೆ ಹೋದದ್ದು, ಕೊನೆಗೆ ಕುಂಟ ಸಿಪಾಯಿಯದು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂಬಂತೆ ನಾವೂ ಹೇಳುತ್ತಲೇ ಬಂದಿದ್ದೇವೆ.

ಕುಂಟ ಸಿಪಾಯಿ ನನ್ನ ಅಣ್ಣ. ನಾನು ಆ ಚಿತ್ರದ ಕಂಟಿನ್ಯುಟಿಯವಳು. ಅಂದರೆ ನಿನ್ನೆಯ ಶಾಟಿನಲ್ಲಿ ಯಾರ ಅಂಗಿಯ ಎಷ್ಟನೇ ಗುಂಡಿ ಬಿಚ್ಚಿತ್ತು, ಸಿಗರೇಟು ಎಷ್ಟು ಉರಿದಿತ್ತು, ಗಾಯ ಯಾವ ಕೆನ್ನೆಯ ಮೇಲಿತ್ತು ಎಂದು ಬರೆದಿಟ್ಟುಕೊಂಡು, ಇವತ್ತೂ ಎಲ್ಲ ಹಾಗೆಯೇ ಇರುವಂತೆ ನೋಡಿಕೊಳ್ಳುವುದು. ಸರಿಯಾಗಿ ಮಾಡಿದರೆ ಯಾರ ಕಣ್ಣಿಗೂ ಬೀಳದ ಕೆಲಸ. ತಪ್ಪಿದರೆ ಊರಿಗೆಲ್ಲ ಕಾಣುತ್ತದೆ.

ನಾನು ತಪ್ಪಿದ್ದೆ. ಅದು ತಪ್ಪೆಂದು ಅಣ್ಣನಿಗೆ ಮತ್ತು ನನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಒಣಗಿದ ಹಳ್ಳದ ಮೇಲಿನ ಸೇತುವೆಯನ್ನು ಕಾಯುವ ಸಣ್ಣ ತುಕಡಿಯೊಂದರ ಕಥೆ ಅದು. ಶತ್ರು ಬರುವುದಿಲ್ಲ, ಮನೆಗೆ ಹೋಗಿ ಎಂಬ ಆದೇಶವೂ ಬರುವುದಿಲ್ಲ. ಹನ್ನೊಂದು ಸಿಪಾಯಿಗಳಲ್ಲಿ ಅಣ್ಣ ಹನ್ನೊಂದನೆಯವನು. ಬಲಗಾಲಿಗೆ ಪಟ್ಟಿ ಕಟ್ಟಿಕೊಂಡು ಎಲ್ಲರ ಹಿಂದೆ ಕುಂಟುವುದಷ್ಟೇ ಅವನ ಪಾತ್ರ. ಒಂದು ದಿನ ಧೂಳೆದ್ದು ಶೂಟಿಂಗ್ ಅರ್ಧಕ್ಕೇ ನಿಂತಿತು. ನನ್ನ ಹಾಳೆಯಲ್ಲಿ ಕೆಲವು ಅಂಕಣಗಳು ಖಾಲಿ ಉಳಿದವು. ಸಂಜೆ ಮೇಕಪ್ ರೂಮಿಗೆ ಹೋದಾಗ ಅಣ್ಣ ಆಳೆತ್ತರದ ಕನ್ನಡಿಯ ಮುಂದೆ ಕೂತು ಪಟ್ಟಿ ಬಿಚ್ಚುತ್ತಿದ್ದ. ನಾನು ಅವನ ಬೆನ್ನ ಹಿಂದೆ ನಿಂತು ಕನ್ನಡಿಯನ್ನು ನೋಡಿಯೇ ಬರೆದೆ. ಎದುರಿಗೆ ನಿಂತವರ ಎಡ ನಮ್ಮ ಬಲಕ್ಕಿರುತ್ತದೆ, ಅದನ್ನು ತಿರುಗಿಸಿ ಬರೆಯುವುದು ನಮ್ಮ ಕಸುಬಿನವರ ಕೈಗೆ ಅಂಟಿದ ಅಭ್ಯಾಸ. ಕನ್ನಡಿಯೊಳಗಿನವನನ್ನೂ ಎದುರಿಗೆ ನಿಂತವನೆಂದೇ ತಿಳಿದು ತಿರುಗಿಸಿಬಿಟ್ಟೆ. ಹಾಳೆಯಲ್ಲಿ ‘ಎಡಗಾಲು’ ಎಂದಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮರುದಿನ ಮೇಕಪ್ಪಿನವರು ಹಾಳೆ ನೋಡಿ ಎಡಗಾಲಿಗೆ ಪಟ್ಟಿ ಕಟ್ಟಿದರು. ಅಣ್ಣ ಎಡಗಾಲನ್ನೇ ಎಳೆಯುತ್ತ ಬಂದ. ಕ್ಯಾಮೆರಾ ಓಡುತ್ತಿತ್ತು. ಕ್ಯಾಪ್ಟನ್ ಆಗಿದ್ದ ನಾಯಕನಟ ತನ್ನ ಮಾತನ್ನು ಮರೆತು, “ನಿನ್ನೆ ಆ ಕಾಲಲ್ವೇನೋ?” ಅಂದ. ಅಣ್ಣ ಬಗ್ಗಿ ಎರಡೂ ಕಾಲು ನೋಡಿಕೊಂಡ. ಒಂದು ಸಲ್ಯೂಟ್ ಹೊಡೆದು, ಬಲಗಾಲು ಎಳೆಯುತ್ತ ಹೊರಟುಹೋದ.

ನಿರ್ದೇಶಕರು ಕಟ್ ಎಂದರು. ನನ್ನ ಹಾಳೆ ತರಿಸಿ ನೋಡಿದರು. ಆಮೇಲೆ ಇನ್ನೂರು ಜನರ ಮುಂದೆ ನನಗೆ ಮಂಗಳಾರತಿ. ಕಣ್ಣು ನೆತ್ತಿಯ ಮೇಲಿದೆಯೇ ಎಂದರು, ಇವತ್ತೇ ಗಂಟುಮೂಟೆ ಕಟ್ಟು ಎಂದರು. ಆಗ ಅಣ್ಣ ಮುಂದೆ ಬಂದು, ಹಾಗೆ ಬರೆಯಲು ತಾನೇ ಹೇಳಿದ್ದಾಗಿ ಒಪ್ಪಿಕೊಂಡ. ಈ ಸಿಪಾಯಿಗೆ ಗಾಯವೇ ಆಗಿಲ್ಲ, ಮನೆಗೆ ಹೋಗುವ ಆಸೆಗೆ ಕುಂಟುತ್ತಾನೆ, ಕುಂಟಿ ಕುಂಟಿ ಯಾವ ಕಾಲೆಂಬುದೇ ಅವನಿಗೆ ಮರೆತುಹೋಗಿದೆ ಎಂದ. ಮೊದಲು ನಕ್ಕವರು ದೀಪದವರು. ನಿರ್ದೇಶಕರು ಆ ಶಾಟನ್ನು ಹಾಗೆಯೇ ಉಳಿಸಿಕೊಂಡರು. ಚಿತ್ರ ಬಂದಾಗ ಜನ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಇವತ್ತಿಗೂ ನಗುತ್ತಾರೆ.

ಅಣ್ಣ ಮಾತ್ರ ಅಲ್ಲಿಂದಾಚೆಗೆ ನೆಟ್ಟಗೆ ನಡೆಯಲಿಲ್ಲ. ಮೂವತ್ತೊಂದು ಚಿತ್ರಗಳಲ್ಲಿ ಕುಂಟ ಕಳ್ಳ, ಕುಂಟ ಗುಮಾಸ್ತ, ಕುಂಟ ಮಾವ. ಬೇರೆ ಪಾತ್ರ ಕೇಳಿಕೊಂಡು ಹೋದರೆ, ಒಂದು ಸಲ ಕುಂಟಿ ತೋರಿಸು ಎನ್ನುತ್ತಿದ್ದರು. ಆ ಚಿತ್ರಗಳಲ್ಲೆಲ್ಲ ನಾನೂ ಇದ್ದೆ. ಪ್ರತಿ ಶಾಟಿಗೆ ಮೊದಲು ನನ್ನ ಕಡೆ ತಿರುಗಿ, “ಯಾವ ಕಾಲು?” ಎಂದು ಕೇಳುತ್ತಿದ್ದ. ಹಾಳೆ ನೋಡಿ ಹೇಳುತ್ತಿದ್ದೆ. ದೂರದ ಊರಿನಿಂದ ಸಹಾಯಕ ನಿರ್ದೇಶಕಿಯ ಕೆಲಸಕ್ಕೆ ಕರೆ ಬಂದಾಗಲೂ ಹೋಗಲಿಲ್ಲ. ನನ್ನಿಂದ ಹಾಳಾದವನನ್ನು ಬಿಟ್ಟು ಹೋಗುವುದು ಹೇಗೆ ಅನ್ನಿಸಿತು. ಅವನ ಸೊಂಟಕ್ಕೆ ಎಣ್ಣೆ ತಿಕ್ಕಿದೆ, ಬಿಸಿನೀರಿನ ಚೀಲ ಇಟ್ಟೆ, ಆಪರೇಷನ್ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದೆ. ಹೋದ ತಿಂಗಳು ಇನ್ನೊಂದು ಕಡೆಯ ಸೊಂಟವೂ ಸವೆದಿದೆ ಎಂದ ಡಾಕ್ಟರು, ಇಷ್ಟು ವರ್ಷ ಇವರು ಯಾಕೆ ಹೀಗೆ ವಾಲಿ ನಡೆದರು ಎಂದು ನನ್ನನ್ನೇ ಕೇಳಿದರು. ನಾನು ಗೋಡೆ ನೋಡಿದೆ.

ಈ ಹುಡುಗಿ ಫೋನು ಮಾಡಿದಾಗಲೇ ನಿಶ್ಚಯಿಸಿದೆ. ಈ ಸಲ ನಿಜ ಹೇಳಿಬಿಡಬೇಕು, ಅಣ್ಣನ ಎದುರಿಗೇ ತಪ್ಪೊಪ್ಪಿಕೊಳ್ಳಬೇಕು. ಹೇಳಿದರೆ ಅವನಿಗಿರುವ ಒಂದೇ ಒಂದು ಹೆಸರೂ ಹೋಗುತ್ತದೆ, ಅದನ್ನೂ ಯೋಚಿಸಿದೆ. ಆದರೆ ಹೊತ್ತು ಹೊತ್ತು ಸಾಕಾಗಿತ್ತು. ಇನ್ನು ನನ್ನ ಕೈಲಾಗುತ್ತಿರಲಿಲ್ಲ.

ಹುಡುಗಿ ನಮ್ಮನ್ನು ಹಳೆಯ ಸ್ಟುಡಿಯೋಗೇ ಕರೆದೊಯ್ದಳು. ಫ್ಲೋರಿನ ತುಂಬ ಈಗ ಬಾಡಿಗೆ ಕುರ್ಚಿಗಳ ರಾಶಿ. ಮೇಕಪ್ ರೂಮಿನಲ್ಲಿ ಯಾವುದೋ ಧಾರಾವಾಹಿಯ ಬಟ್ಟೆಗಳು ತೂಗುತ್ತಿದ್ದವು. ಕನ್ನಡಿ ಮಾತ್ರ ಅದೇ. ಅಂಚಿನ ಪಾದರಸ ಉದುರಿ ಕಪ್ಪು ಕಲೆಗಳಾಗಿದ್ದವು. ಅಣ್ಣ ಕೋಲೂರಿ ಹದಿನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ಕೂತ. ಈ ಮೆಟ್ಟಿಲು ಆಗ ಇಷ್ಟಿರಲಿಲ್ಲ ಎಂದು ಗೊಣಗಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಛೇಡಿಸಿದೆ. ನಗು ಬರಲಿಲ್ಲ, ಇಬ್ಬರಿಗೂ.

ಹುಡುಗಿ ಅವನನ್ನು ಕನ್ನಡಿಯ ಮುಂದೆ ಕೂರಿಸಿ, ನನ್ನನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿದಳು. ಸೇತುವೆ, ಹೆಲ್ಮೆಟ್ಟು, ಟ್ಯಾಂಕು ಎಲ್ಲ ಮುಗಿಯಿತು. ಕುಂಟ ಸಿಪಾಯಿಯ ಆ ದೃಶ್ಯ ಯಾರಿಗೆ ಹೊಳೆದದ್ದು ಎಂದು ಕೇಳಿದಳು.

“ಯಾರಿಗೂ ಹೊಳೀಲಿಲ್ಲಮ್ಮ,” ಅಂದೆ. “ನಾನು ತಪ್ಪು ಬರೆದಿದ್ದೆ. ಕನ್ನಡಿ ನೋಡಿ ಬರೆದೆ. ಇವನು ನನ್ನ ಕೆಲಸ ಉಳಿಸೋಕೆ ಸುಳ್ಳು ಹೇಳ್ದ. ಆ ಸುಳ್ಳಿಂದ ಇವನ ಬಾಳೆಲ್ಲ ಕುಂಟಾಯ್ತು.”

ಅಣ್ಣ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಬಯ್ಯುತ್ತಾನೆ ಅಂದುಕೊಂಡೆ.

“ನಂಗೆ ಗೊತ್ತಿತ್ತು ಪುಟ್ಟಿ,” ಅಂದ.

ನಿನಗೆ ಗೊತ್ತಿರುವುದು ಹೊಸದೇನಲ್ಲವಲ್ಲ ಎಂದೆ.

“ಆಮೇಲಲ್ಲ. ಮೊದಲೇ. ಪಟ್ಟಿ ಕಟ್ಟುವಾಗ ನಾನು ಇಲ್ಲೇ ಕೂತಿದ್ದೆ. ಕಾಲು ಬೇರೆ ಅಂತ ನೋಡ್ದೆ. ಒಂದು ಮಾತು ಹೇಳಿದ್ರೆ ನೀನು ತಿದ್ಕೋತಿದ್ದೆ. ಹೇಳ್ಲಿಲ್ಲ.” ಸ್ವಲ್ಪ ಹೊತ್ತು ಕೋಲಿನ ಹಿಡಿ ತಿರುವಿದ. “ಹನ್ನೊಂದು ಜನದಲ್ಲಿ ನಂಗೊಬ್ಬನಿಗೇ ಒಂದೂ ಮಾತಿರ್ಲಿಲ್ಲ. ಇದರಲ್ಲಿ ಒಂದು ನಗು ಇದೆ ಅನ್ನಿಸ್ತು. ನಿಂಗೆ ಬೈಗುಳ ಬೀಳುತ್ತೆ ಅಂತಾನೂ ಗೊತ್ತಿತ್ತು.”

ಕ್ಯಾಮೆರಾ ಓಡುತ್ತಲೇ ಇತ್ತು. ನಿಲ್ಲಿಸು ಎಂದು ನಾನು ಹೇಳಲಿಲ್ಲ.

ಮೊದಲು ಬಂದದ್ದು ಸಿಟ್ಟಲ್ಲ, ಸುಸ್ತು. ಐವತ್ತು ವರ್ಷ ಹೊತ್ತ ಮೂಟೆ ನನ್ನದಲ್ಲ ಎಂದು ಗೊತ್ತಾದರೆ ಬೆನ್ನು ಹಗುರಾಗಬೇಕು. ಆಗಲಿಲ್ಲ. ಹೋಗದೆ ಬಿಟ್ಟ ಆ ದೂರದ ಊರು ನೆನಪಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು.

“ಐವತ್ತು ವರ್ಷ ಎಣ್ಣೆ ತಿಕ್ಕಿಸ್ಕೊಂಡೆಯಲ್ಲೋ,” ಅಂದೆ.

“ಹೂಂ,” ಅಂದ. “ಹೇಳಿದ್ರೆ ನೀನು ಹೋಗ್ಬಿಡ್ತೀಯ ಅಂತ ಹೆದರಿಕೆ.”

ಅದು ನಿಜವೇ ಇರಬೇಕು. ಸುಳ್ಳು ಹೇಳುವುದಾಗಿದ್ದರೆ ಇನ್ನೂ ಚೆನ್ನಾದ ಮಾತು ಹೇಳುತ್ತಿದ್ದ. ಹುಡುಗಿ ಮೂಗು ಒರೆಸಿಕೊಂಡು, ಕೊನೆಯದಾಗಿ ಒಂದು ಶಾಟು ಬೇಕು ಎಂದಳು. ಅಣ್ಣ ಮೇಕಪ್ ರೂಮಿನಿಂದ ಹೊರಟು, ಉದ್ದ ವರಾಂಡದಲ್ಲಿ ನಡೆದುಹೋಗಬೇಕು. ಕೋಲಿಲ್ಲದೆ ಆಗುತ್ತದೆಯೇ ಎಂದು ಸಂಕೋಚದಿಂದ ಕೇಳಿದಳು. ಅವನು ಕೋಲನ್ನು ನನ್ನ ಕೈಗೆ ಕೊಟ್ಟು ಬಾಗಿಲಲ್ಲಿ ನಿಂತ. ನಾನು ಕ್ಯಾಮೆರಾದ ಪಕ್ಕಕ್ಕೆ, ಫ್ರೇಮಿನ ಆಚೆಗೆ ಸರಿದೆ. ಅದು ನನ್ನ ಜಾಗ.

ಅವನು ಹೆಜ್ಜೆ ಎತ್ತಲಿಲ್ಲ. ನನ್ನ ಕಡೆ ತಿರುಗಿದ.

“ಯಾವ ಕಾಲು?”

ಕುಹಕವಲ್ಲ, ಅಭ್ಯಾಸಬಲ. ಮೂವತ್ತೊಂದು ಚಿತ್ರಗಳಲ್ಲಿ ಹಾಗೆ ಕೇಳಿದವನು. ನನ್ನ ಕೈಯಲ್ಲಿ ಹಾಳೆ ಇರಲಿಲ್ಲ.

“ನೋಯೋ ಕಾಲು,” ಅಂದೆ.

ಅವನು ಬಗ್ಗಿ ನೋಡಿಕೊಂಡ, ಅವತ್ತು ನೋಡಿದ ಹಾಗೆಯೇ. ಹುಡುಗಿಗೆ ನಗು ತಡೆಯಲಾಗಲಿಲ್ಲ. ಅವನು ತಲೆ ಎತ್ತಿದಾಗ ಕಣ್ಣು ತುಂಬಿತ್ತು.

“ಎರಡೂ ನೋಯ್ತವೆ ಕಣೇ.”

ನನ್ನ ಸಿಟ್ಟು ಇಳಿದಿರಲಿಲ್ಲ. ಇಳಿಯುವುದಕ್ಕೆ ಇನ್ನೆಷ್ಟು ದಿನ ಬೇಕೋ ಗೊತ್ತಿಲ್ಲ. ಆದರೂ ಫ್ರೇಮಿನೊಳಕ್ಕೆ ಹೋಗಿ ಹೆಗಲು ಕೊಟ್ಟೆ. ಮೆಲ್ಲಗೆ ನಡೆ ಎಂದೆ. ಇಬ್ಬರೂ ವರಾಂಡದ ಕೊನೆಯವರೆಗೆ ನಡೆದೆವು. ಹುಡುಗಿ ಕಟ್ ಎನ್ನಲಿಲ್ಲ.