ಬುತ್ತಿಯ ಮೇಲಿನ ಕಲ್ಲು

"ಬಿಚ್ಚೇ ಹಡಬೆ, ಬಿಚ್ಚು! ಗಂಟಲ್ಲಿ ಏನು ಬಚ್ಚಿಟ್ಟಿದೀಯ ಅಂತ ಎಲ್ಲರೂ ನೋಡ್ಲಿ!"

ಮೇಸ್ತ್ರಿ ಕಾಲಿನಿಂದಲೇ ಗಂಟನ್ನು ಒದ್ದ. ಬುತ್ತಿ ಚೆಲ್ಲಿತು. ಮುಚ್ಚಳದ ಮೇಲಿಟ್ಟಿದ್ದ ಬಿಳಿಗಲ್ಲು ಉರುಳಿಹೋಯಿತು. ಟಂಗ್‌ಸ್ಟನ್ ಎಂಬ ಲೋಹ ಇದೆಯೇ ಎಂದು ಬೆಟ್ಟದ ಹೊಟ್ಟೆಗೆ ಕೊಳವೆ ಇಳಿಸಿ ತೆಗೆದ ಕಲ್ಲುಗಳನ್ನು ತೊಳೆದು, ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸುವ ಕೆಲಸ ಅವಳದು. ಇಂದು ಒಂದು ತುಂಡು ಕಾಣೆಯಾಗಿತ್ತು.

ಮೇಸ್ತ್ರಿ ಬಿಳಿಗಲ್ಲನ್ನು ಕರಿಬಟ್ಟೆಯ ಗೂಡಿಗೆ ಒಯ್ದು ನೇರಳೆ ದೀಪ ಹಿಡಿದ. ಆ ಲೋಹವಿದ್ದರೆ ಬೆಳಗುವಂತೆಯೇ ಕಲ್ಲು ತಿಳಿನೀಲಿಯಾಗಿ ಬೆಳಗಿತು.

"ಸಿಕ್ಕಿಬಿದ್ದೆಯಾ! ಒಪ್ಕೋ, ಇಲ್ಲಾಂದ್ರೆ ಠಾಣೆ."

"ನನ್ನ ಮಗು ಮೇಲಾಣೆ, ಕದ್ದಿಲ್ಲ. ನಾಯಿ ಬಾಯಿ ಹಾಕ್ದಿರಲಿ ಅಂತ ಮನೆಯಿಂದ ತಂದಿದ್ದು."

"ಮನೇಲಿ ನಿಮ್ಮಪ್ಪ ಗಣಿ ಇಟ್ಟಿದ್ನೇನೇ?"

ಜೊತೆಯ ಹೆಂಗಸರೂ ನಕ್ಕುಬಿಟ್ಟರು. ಅದು ಅವಳ ಕರುಳಿಗೇ ನಾಟಿತು.

"ಬನ್ನಿ, ತೋರಿಸ್ತೀನಿ! ನಮ್ಮ ಗೋಡೆ ಪೂರ್ತಿ ಇಂಥದ್ದೇ!"

ಅಷ್ಟು ಹೊತ್ತೂ ಫೋನಿನಲ್ಲಿ ಮುಳುಗಿದ್ದ ಕಂಪನಿಯ ಸಾಹೇಬ ತಲೆಯೆತ್ತಿದ. "ಜೀಪು ತೆಗಿ," ಎಂದ.

ಒಂದೇ ಕೋಣೆಯ ಮನೆ. ಕಿಟಕಿಗೆ ಕಂಬಳಿ ಹೊದಿಸಿ, ಬಾಗಿಲು ಹಾಕಿ, ನೇರಳೆ ದೀಪ ಒತ್ತಿದರು. ಒಲೆಯ ಹಿಂದೆ, ತೊಟ್ಟಿಲ ಮೇಲೆ, ಗೋಡೆ ತುಂಬ ಚುಕ್ಕಿ ಚುಕ್ಕಿ ನೀಲಿ. ಮೂಲೆಯಲ್ಲಿ ಮಲಗಿದ್ದ ಅತ್ತೆ ಎದ್ದು ಕೂತು ಕೈಮುಗಿದಳು.

"ತಾಯೀ... ಇಷ್ಟು ವರ್ಷ ನಮ್ಮ ಜೊತೇಲೇ ಇದ್ಯಾ?"

"ಎಲ್ಲಿಂದ ತಂದಿದ್ದು ಈ ಕಲ್ಲು?" ಸಾಹೇಬ ಕೇಳಿದ.

"ತರೋದೇನು ಸಾರ್, ಮಾವ ಪಾಯ ತೋಡಿದಾಗ ಇಲ್ಲೇ ಸಿಕ್ಕಿದ್ದು. ಈಗ ಹೇಳಿ, ನಾನು ಕಳ್ಳಿನಾ?" ಅವಳ ದನಿ ಬೀಗಿತ್ತು.

"ಅಲ್ಲಮ್ಮ, ಖಂಡಿತಾ ಅಲ್ಲ." ಸಾಹೇಬ ಮೇಸ್ತ್ರಿಯತ್ತ ತಿರುಗಿದ. "ಮುಂದಿನ ಕೊಳವೆ ಇಲ್ಲೇ. ಸಾಮಾನು ಆಚೆ ಹಾಕ್ಸು. ಈಗ್ಲೇ ಮೆಷಿನ್ ಬರ್ಲಿ."

ಮೇಸ್ತ್ರಿ ತೊಟ್ಟಿಲ ಮೇಲಿನ ಗೋಡೆಗೆ ಗುರುತಿಗೆ ಕೆಂಪು ಬಣ್ಣ ಬಳಿದ.

ಅವಳು ಗೋಡೆಗೆ ಅಡ್ಡ ನಿಂತಳು. "ಸಾರ್, ಸುಳ್ಳು ಹೇಳ್ದೆ. ನಾನೇ ಕದ್ದಿದ್ದು. ಗೋಡೆ ಕಲ್ಲೆಲ್ಲ ನಿಮ್ಮ ಪೆಟ್ಟಿಗೇವೇ. ಈ ನೆಲದಲ್ಲಿ ಏನೂ ಇಲ್ಲ."

"ಮನೆ ಪೂರ್ತಿ ಬುತ್ತಿ ಗಂಟಲ್ಲಿ ಹೊತ್ಕೊಂಡ್ ಬಂದ್ಯೇನೇ?" ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಹೂಂ ಕಣೋ, ಹೊತ್ತೆ! ಸತ್ತ ಮಾವಾನೂ ಕಳ್ಳ, ಈ ಮುದುಕೀನೂ ಕಳ್ಳಿ. ನಡಿಯೋ ಬೋಳಿಮಗನೆ, ಠಾಣೆಗೆ!"

ಮಗುವನ್ನು ಕಂಕುಳಿಗೇರಿಸಿಕೊಂಡು ಹೋಗಿ ಜೀಪಿನಲ್ಲಿ ಕೂತಳು. ರಟ್ಟೆ ಹಿಡಿದು ಎಳೆದರೂ ಇಳಿಯಲಿಲ್ಲ. ಸೀಟಿನ ಕಂಬಿಯನ್ನು ಬಿಡಲಿಲ್ಲ. ಮನೆಯ ತೆರೆದ ಬಾಗಿಲಿನಾಚೆ ಅತ್ತೆ, ಬೆಳಕು ಆರಿದ ಗೋಡೆಗೆ ಇನ್ನೂ ಕೈಮುಗಿದೇ ಇದ್ದಳು.

ಮೆಷಿನ್ ಹೊತ್ತ ಲಾರಿ ಏದುಸಿರು ಬಿಡುತ್ತ ಓಣಿಗೆ ಬಂತು. ಅದಕ್ಕೆ ದಾರಿ ಬಿಡಲು ಡ್ರೈವರ್, ಅವಳು ಕೂತಿದ್ದಂತೆಯೇ, ಜೀಪನ್ನು ಹಿಂದಕ್ಕೆ ಸರಿಸಿದ.

"ಠಾಣೆ ಆ ಕಡೆ ಅಲ್ವೇನೋ?" ಎಂದಳು.