ಊದುವ ಪರೀಕ್ಷೆ

ಪುಟ್ಟಗೌರಮ್ಮ ಕೆನ್ನೆ ಉಬ್ಬಿಸಿ ‘ಫೂ’ ಎಂದು ಊದಿದಳು. ಡಾಕ್ಟರ್ ಕೊಟ್ಟ ಪ್ಲಾಸ್ಟಿಕ್ ಕೊಳವೆಯ ಮೇಲಿನ ಕೆಂಪು ಮುಳ್ಳು ಚಂಗನೆ ಮುಂದಕ್ಕೆ ಹಾರಿತು.

"ನೋಡ್ದೇನೇ ರಾಧಾಮಣಿ? ನಂಗೇನೂ ಆಗಿಲ್ಲ ಕಣೇ. ಸುಮ್ನೆ ಹೆದ್ರಿ ಸಾಯ್ತೀಯ."

"ಚೆನ್ನಾಗೇ ಊದಿದ್ದೀರಿ ಅಜ್ಜಿ" ಎಂದರು ಡಾಕ್ಟರ್ ಭವ್ಯಶ್ರೀ.

ಸೊಸೆ ರಾಧಾಮಣಿಗೆ ಸಮಾಧಾನವಾಗಲಿಲ್ಲ. ಅತ್ತೆ ಈಚೆಗೆ ಮಾತನ್ನು ಅರ್ಧಕ್ಕೇ ಬಿಡುತ್ತಿದ್ದಳು. ತೋಟದಿಂದ ಬರುವಾಗ ತೆಂಗಿನ ಮರಕ್ಕೆ ಕೈಯೂರಿ ನಿಲ್ಲುತ್ತಿದ್ದಳು. ಯಾರಾದರೂ ಕಂಡರೆ ಗೊನೆ ನೋಡುವವಳಂತೆ ತಲೆಯೆತ್ತುತ್ತಿದ್ದಳು.

"ಮೇಡಂ, ಇವರು ಒಲೆ ಊದಿ ಪಳಗಿದೋರು. ಮಳೆಗಾಲದಲ್ಲಿ ಅಟ್ಟದ ಕೊಬ್ಬರಿಗೆ ಹೊಗೆ ಹಾಕೋದೂ ಇವರೇ. ಬೇರೆಯವರನ್ನ ಹತ್ರಕ್ಕೂ ಬಿಡಲ್ಲ" ಎಂದಳು ರಾಧಾಮಣಿ. ಹೇಳಬಾರದ್ದನ್ನು ಹೇಳಿದೆನೇನೋ ಎಂದು ಅತ್ತೆಯ ಮುಖ ನೋಡಿದಳು.

ಡಾಕ್ಟರ್ ಯೋಚಿಸಿದರು. "ಈ ಕೊಳವೆ ಮೊದಲ ರಭಸ ಮಾತ್ರ ಹೇಳತ್ತೆ. ಎದೆ ಪೂರ್ತಿ ಖಾಲಿಯಾಗೋಕೆ ಎಷ್ಟು ಹೊತ್ತು ಬೇಕು ಅಂತ ಒಳಗಿರೋ ಮೆಷಿನ್ ಹೇಳತ್ತೆ. ಅದನ್ನೂ ನೋಡ್ಬಿಡೋಣ."

ಒಳಕೋಣೆಯಲ್ಲಿ ಮೆಷಿನ್ ನೋಡಿಕೊಳ್ಳುವ ಆಶಾ ಎಂಬ ಹುಡುಗಿ ಅಜ್ಜಿಯ ಮೂಗಿಗೆ ಕ್ಲಿಪ್ ಹಾಕಿದಳು. ರಾಧಾಮಣಿಯೂ ಒಳಗೆ ಬಂದು ಹಿಂದೆ ನಿಂತಳು. ಪುಟ್ಟಗೌರಮ್ಮ ಫೂ, ಫೂ, ಫೂ ಎಂದು ತುಂಡುತುಂಡಾಗಿ ಊದಿದಳು.

"ಅಯ್ಯೋ ಅಜ್ಜಿ, ಇಲ್ಲೇನು ಹಸಿ ಸೌದೆ ಇಟ್ಟಿದ್ದೀನಾ? ಒಂದೇ ಉಸಿರಲ್ಲಿ, ನಿಲ್ಲಿಸ್ದೆ ಊದಿ!"

"ನಿನ್ ಮೆಷಿನ್‌ಗೆ ಬೆಂಕಿ ಹತ್ತುಸ್ತೀನಿ ತಾಳವ್ವ."

ಮೂವರೂ ನಕ್ಕರು. ಅವಳು ಮತ್ತೆ ಊದಿದಳು. "ಇನ್ನೂ, ಇನ್ನೂ, ಬಿಡಬೇಡಿ" ಎಂದು ಆಶಾ ಕೂಗುತ್ತಿದ್ದಳು. ಎದೆ ಸರಿಯಿದ್ದರೆ ಮೆಷಿನ್ ಪರದೆಯ ಗೆರೆ ಬೇಗ ಏರಿ ಮಟ್ಟವಾಗಬೇಕಿತ್ತು; ಆಗಲಿಲ್ಲ. ದಿಣ್ಣೆ ಹತ್ತುವ ಮುದಿ ಎತ್ತಿನಂತೆ ಎಳೆದುಕೊಂಡು ಹೋಯಿತು. ಪುಟ್ಟಗೌರಮ್ಮನ ಕಣ್ಣಲ್ಲಿ ನೀರಾಡಿತು. ಆ ಕಣ್ಣು ಸೊಸೆಯನ್ನು ಹುಡುಕಿತು. ಉಸಿರಿನೊಂದಿಗೆ ಔಷಧಿ ಎಳೆಸಿ, ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಊದಿಸಿದರೂ ಗೆರೆ ಹೆಚ್ಚೇನೂ ಬದಲಾಗಲಿಲ್ಲ.

"ಉಸಿರಿನ ದಾರಿ ಕಿರಿದಾಗಿದೆ ಅಜ್ಜಿ. ಇನ್ಹೇಲರ್ ಕೊಡ್ತೀನಿ. ಹೊಗೆ ಹತ್ರ ಮಾತ್ರ ಹೋಗ್ಲೇಬೇಡಿ" ಎಂದರು ಡಾಕ್ಟರ್.

"ಹೊಗೆ ಹಾಕ್ದಿದ್ರೆ ಕೊಬ್ರಿಗೆ ಬೂಷ್ಟು ಹಿಡೀತದೆ ಕಣವ್ವ."

"ಹಿಡಿದ್ರೆ ಹಿಡೀಲಿ ಬುಡಿ, ಅತ್ತೆ."

ಆ ಮನೆಯಲ್ಲಿ ಯಾರೂ ಆಡದ ಮಾತದು. ಪುಟ್ಟಗೌರಮ್ಮ ಸೊಸೆಯನ್ನು ದಿಟ್ಟಿಸಿ ನೋಡಿದಳು.

ಊರಿಗೆ ಮರಳಲು ಬಂದಾಗ ಬಿಳಿಗೆರೆಯ ಕಡೆಗೆ ಹೋಗುವ ಬಸ್ಸು ಹೊರಡುವುದರಲ್ಲಿತ್ತು. ಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಪುಟ್ಟಗೌರಮ್ಮ ನಿಂತುಬಿಟ್ಟಳು.

"ಬೇಗ ಹತ್ತಜ್ಜಿ, ಟೈಮಾಯ್ತು" ಎಂದ ಕಂಡಕ್ಟರ್.

"ಇರಪ್ಪ. ಉಸ್ರು ಸಾಲ್ತಿಲ್ಲ ನಂಗೆ" ಎಂದಳು, ಎಲ್ಲರಿಗೂ ಕೇಳುವಂತೆ.

ಡ್ರೈವರ್ ಇಂಜಿನ್ ಆರಿಸಿದ. ಅವಳ ಎದೆಯ ಸಣ್ಣ ಸಿಳ್ಳು ಮುಂದಿನ ಸೀಟುಗಳವರೆಗೂ ಕೇಳತೊಡಗಿತು. ಪುಟ್ಟಗೌರಮ್ಮ ಸೊಸೆಯ ಹೆಗಲಿಗೆ ಪೂರಾ ಭಾರ ಬಿಟ್ಟು, ಅವಸರವಿಲ್ಲದೆ ನಿಂತಿದ್ದಳು.