ಮೊದಲ ದಿನವೇ ಪೂರ್ತಿ ಬೆಂಕಿ ಹಾಕಬೇಡಿ

ಆಗಸ್ಟ್ ಬಂತೆಂದರೆ ಬೆಟ್ಟದಪುರದ ಕಡೆ ಶಾಲೆಯ ಬೆಂಚುಗಳು ಖಾಲಿ. ಮಕ್ಕಳೆಲ್ಲ ಎಲ್ಲಿ ಅಂತೀರಾ? ಚಪ್ಪರದಡಿ ಕೂತು, ಬ್ಯಾರನ್‌ನಲ್ಲಿ, ಅಂದರೆ ಸೊಪ್ಪು ಬೇಯಿಸುವ ಗೂಡಿನಲ್ಲಿ, ತೂಗುಹಾಕಲು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿರುತ್ತಾರೆ! 2001ರಲ್ಲಿ ಸಣ್ಣಬೀರಯ್ಯನ ಮಗಳು ಬೃಂದಾಳೂ ಅಲ್ಲೇ ಇದ್ದಳು. ಆಗ ಒಂಬತ್ತನೇ ಕ್ಲಾಸು.

"ಬ್ಯಾರನ್‌ನಾಗೆ ಬೇಯಿಸ್ದಾಗ ಸೊಪ್ಪು ಅಳದಿ ಯಾಕಾಯ್ತದಪ್ಪಾ?"

"ಆಯ್ತದೆ, ಅದುಕ್ಕೇ ಆಯ್ತದೆ. ಬಾಯಿ ಮುಚ್ಕಂಡು ಕಟ್ಟವ್ವ."

ವಾರವಾದರೂ ಹುಡುಗಿ ಶಾಲೆಗೆ ಬರದಿದ್ದಾಗ ವಿಜ್ಞಾನದ ಟೀಚರ್ ವಾಣಿಶ್ರೀ ಮನೆಗೇ ಬಂದರು.

"ಬೀರಯ್ಯನೋರೇ, ನಿಮ್ಮ ಮಗಳಿಗೆ ದೊಡ್ಡ ವಿಜ್ಞಾನ ವಿಶ್ವವಿದ್ಯಾಲಯ ಸೇರೋ ಆಸೆ ಇದೆ, ಗೊತ್ತಾ? ಇಡೀ ದೇಶದ ಮಕ್ಕಳು ಪರೀಕ್ಷೆ ಬರೀತಾರೆ. ತಗೊಳ್ಳೋದು ಕೆಲವರನ್ನ ಮಾತ್ರ."

"ಸೇರ್ಲಿ ಬುಡಿ ಮೇಡಂ, ಬ್ಯಾಡ ಅಂದೋರ್ಯಾರು? ಪಿಯುಸಿ ಮುಗೀಲಿ, ಮೈಸೂರ್ನಾಗೆ ಎಲ್ಡು ತಿಂಗ್ಳು ಟ್ಯೂಷನ್ಗೆ ಆಕ್ತೀನಿ. ಈಗ ಸೊಪ್ಪಿನ ಟೈಮು ಕಣ್ರೀ."

ಟೀಚರ್ ಎದುರಿನ ಬ್ಯಾರನ್ ಕಡೆ ನೋಡಿದರು. "ಒಂದು ಮಾತು ಕೇಳ್ಲಾ? ಸೊಪ್ಪು ತುಂಬಿದ ಮೊದಲ ದಿನವೇ ಪೂರ್ತಿ ಬೆಂಕಿ ಹಾಕಿಬಿಟ್ರೆ? ಬೇಗ ಕೆಲಸ ಮುಗಿಯಲ್ವಾ?"

ಸಣ್ಣಬೀರಯ್ಯ ಗೊಳ್ಳೆಂದು ನಕ್ಕುಬಿಟ್ಟ. ಸೊಪ್ಪು ಬೇಯಿಸುವುದರಲ್ಲಿ ಅವನನ್ನು ಮೀರಿಸುವವರು ಹೋಬಳಿಯಲ್ಲೇ ಇರಲಿಲ್ಲ. "ಅಯ್ಯೋ! ಅಸಿರಸಿರಾಗೇ ಒಣಗೋಯ್ತದೆ, ಅರಾಜಿನಾಗೆ ಯಾವನೂ ಮುಟ್ಟಾಕಿಲ್ಲ. ಮೊದ್ಲೆರಡು ದಿನ ಸಣ್ಣ ಶಾಖ ಕೊಟ್ಟು ಅಳದಿ ತಿರುಗುಸ್ಬೇಕು. ಆತುರ ಬಿದ್ರೆ ಕೆಟ್ಟಂಗೇಯ."

"ಹೈಸ್ಕೂಲೇ ಆ ಮೊದಲೆರಡು ದಿನ ಕಣ್ರೀ! ಬಾಯಿಪಾಠ ಬಿಟ್ಟು ಯಾಕೆ, ಹೇಗೆ ಅಂತ ಕಲೀಬೇಕು. ದಿನಾ ಒಂದು ಗಂಟೆ ಗಣಿತ ಮಾಡ್ಬೇಕು. ಕೊನೇಲಿ ಎರಡು ತಿಂಗಳು ಬೆಂಕಿ ಹಾಕಿದ್ರೆ ಅವಳೂ ಹಸಿಹಸಿಯಾಗೇ ಉಳೀತಾಳೆ."

ಸಣ್ಣಬೀರಯ್ಯನ ನಗು ನಿಂತುಹೋಯಿತು. ತನ್ನ ಕಸುಬನ್ನೇ ತನಗೆ ತಿರುಗಿಸಿ ಹೇಳಿದ್ದರಲ್ಲ ಈಯಮ್ಮ!

"ಕಟ್ಟೋರು ಯಾರು ಮತ್ತೆ?" ಎಂದು ಗೊಣಗಿದ.

ಹೆಂಡತಿ ಯಶೋದಮ್ಮ ಬಿಡಲಿಲ್ಲ. "ನಾನು ಆಚೆ ಬೀದಿ ಚಿಕ್ಕಬಸಮ್ಮನ ಜತೆ ಮುಯ್ಯಾಳು ಮಾಡ್ಕತೀನಿ. ಒಂದಿನ ಅವ್ರು ನಮ್ ಚಪ್ಪರಕ್ಕೆ, ಒಂದಿನ ನಾನು ಅವ್ರ ಚಪ್ಪರಕ್ಕೆ. ಕೂಸು ಇಸ್ಕೂಲ್ಗೋಗ್ಲಿ ಬುಡಿ."

ಮರುದಿನವೇ ಬೃಂದಾ ಶಾಲೆಗೆ ಹೋದಳು. ಬೆಳಿಗ್ಗೆ ಸಂಜೆ ಬ್ಯಾರನ್ನಿನ ಥರ್ಮಾಮೀಟರ್ ನೋಡಿ ಶಾಖವನ್ನು ಪುಸ್ತಕದಲ್ಲಿ ಬರೆದಿಡುವುದಷ್ಟೇ ಅವಳ ಕೆಲಸ. ಅದನ್ನೂ ಗ್ರಾಫ್ ಹಾಕಿದಳು, ಬಿಡಿ! ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಳು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಹುಡುಕಿ ಹುಡುಕಿ ಬಿಡಿಸಿದಳು. ಪಿಯುಸಿ ಪರೀಕ್ಷೆಗೆ ಮುಂಚೆಯೇ ಆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಳು. ಫಲಿತಾಂಶ ಬರಲಿ ಅಂತ ಕಾದಿದ್ದರೆ ಕೊನೆಯ ದಿನಾಂಕ ದಾಟಿಹೋಗುತ್ತಿತ್ತು.

ಪ್ರವೇಶ ಪರೀಕ್ಷೆ ಗೆದ್ದಳು. ಸಂದರ್ಶನಕ್ಕೆ ಕರೆ ಬಂತು. ಒಳಗೆ ಮಗಳು, ಹೊರಗೆ ಕೈ ಹಿಸುಕಿಕೊಳ್ಳುತ್ತಾ ಅಪ್ಪ.

"ಏನ್ ಕೇಳುದ್ರವ್ವಾ?"

"ನೀನೇ ಅಳೆದು ನೋಡಿರೋದು ಏನಾದ್ರೂ ಐತಾ ಅಂದ್ರು. ಬ್ಯಾರನ್ ಪುಸ್ತಕ ತೋರುಸ್ದೆ. ಸೊಪ್ಪು ಅಳದಿ ಯಾಕಾಯ್ತದೆ ಅಂತಾನೂ ಏಳ್ದೆ ಅಪ್ಪಾ! ಕಿತ್ತ ಮ್ಯಾಲೂ ಎಲೆ ಒಂದೆರಡು ದಿನ ಜೀವ ಇಟ್ಕಂಡಿರ್ತದೆ. ಆ ಜೀವಾನೇ ಅದರ ಅಸಿರು ಕರಗ್ಸೋದು. ಜೋರು ಬೆಂಕಿ ಆಕುದ್ರೆ ಎಲೆ ಸತ್ತೋಯ್ತದೆ, ಅಸಿರು ಅಲ್ಲೇ ನಿಂತ್ಕತದೆ."

ಇಪ್ಪತ್ತು ವರ್ಷ ಸೊಪ್ಪು ಬೇಯಿಸಿದವನಿಗೆ ಇದು ಗೊತ್ತಿರಲಿಲ್ಲ. ಅವನ ಕಣ್ಣು ತುಂಬಿ ಬಂತು.

ಜೂನ್‌ನಲ್ಲಿ ಪತ್ರ ಬಂತು. "ಸೀಟು ಸಿಕ್ತು ಕಣ್ರೋ! ನಮ್ ಬೃಂದಂಗೆ ಸೀಟು ಸಿಕ್ತು!" ಪತ್ರ ಎತ್ತಿ ಹಿಡಿದು ಬೀದಿ ಉದ್ದಕ್ಕೂ ಓಡಿದವನು ಸಣ್ಣಬೀರಯ್ಯನೇ. ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ.

ಮತ್ತೆ ಆಗಸ್ಟ್ ಬಂತು. ಪಕ್ಕದ ಮಹದೇವಪ್ಪನ ಚಪ್ಪರದಡಿ ಅವನ ಮಗಳು ಹರ್ಷಿತಾ ಸೊಪ್ಪು ಕಟ್ಟುತ್ತಿದ್ದಳು. ಅವಳೂ ಒಂಬತ್ತನೇ ಕ್ಲಾಸು. ಸಣ್ಣಬೀರಯ್ಯ ಹೋಗಿ ಅವಳ ಕೈಯಿಂದ ಕಡ್ಡಿ ಕಿತ್ತುಕೊಂಡ.

"ಏಳವ್ವ, ಇಸ್ಕೂಲ್ಗೋಗು. ನಿನ್ ಪಾಲಿನ ಸೊಪ್ಪ ನಾನು ಕಟ್ಕೊಡ್ತೀನಿ."

ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮನೆಯ ಎಂಟು, ಒಂಬತ್ತನೇ ಕ್ಲಾಸಿನ ಮಗು ಈ ಹೊತ್ತು ಎಲ್ಲಿದೆ? ಅದರ ಕೈಯ ಕಡ್ಡಿ ಇಸಿದುಕೊಳ್ಳಿ, ಪುಸ್ತಕ ಕೊಡಿ. ನಾಳೆಯೇ ಶಾಲೆಗೆ ಹೋಗಿ ವಿಜ್ಞಾನದ ಮೇಷ್ಟರನ್ನು ಕಂಡು ಮಾತಾಡಿ.